ಆಹೇರದ ಹಾಳೆ

“ಕಾಕಾ, ಒಮ್ಮಿ ಕಟ್ಟಿದ ಪುಸ್ತಕದಾಗಿಂದ ಒಂದ ಹಾಳಿ ತೆಗಿಲಿಕ್ಕ ಬರ್ತದೇನ್ರಿ?”

ಉಜ್ವಲಾ ಹೀಗೆ ಕೇಳಿದಾಗ ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ. ಬೀದರಿನ ಆ ಕಾಲೇಜಿನ ಗ್ರಂಥಾಲಯದಲ್ಲಿ ನಾವಿಬ್ಬರೇ ಇದ್ದೆವು. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಆದರೂ ಅವಳ ಮೇಲ್ದುಟಿಯಲ್ಲಿ ಬೆವರು ಹನಿಗಟ್ಟಿತ್ತು. ಭಾಲ್ಕಿಯಲ್ಲಿ ನನ್ನದು ಪುಸ್ತಕ ಕಟ್ಟುವ ಅಂಗಡಿ; ಅವಳು ಕರೆಸಿದ್ದಕ್ಕೆ ಬಂದಿದ್ದೆ. ದಬ್ಬಣ ಹಿಡಿದು ನಲವತ್ತು ವರ್ಷವಾಯಿತು. ಈ ಪ್ರಶ್ನೆಯನ್ನು ಎಷ್ಟೋ ಜನ ಕೇಳಿದ್ದಾರೆ. ಇಂಥ ದನಿಯಲ್ಲಿ ಯಾರೂ ಕೇಳಿರಲಿಲ್ಲ.

“ಬರ್ತದ. ಯಾಕವ್ವಾ?”

“ತೆಗದದ್ದು ಯಾರಿಗೂ ತಿಳಿಬಾರ್ದ್ರಿ.”

“ನಾ ತೆಗದ್ರ ಮರುದಿನ ನನಗೂ ತಿಳ್ಯಂಗಿಲ್ಲ. ಯಾವ ಹಾಳಿ?”

ಅವಳು ಮೇಜಿನ ಮೇಲಿದ್ದ ಕೆಂಪು ರಟ್ಟಿನ ದಪ್ಪ ಪುಸ್ತಕವನ್ನು ನನ್ನ ಕಡೆ ಸರಿಸಿದಳು. ಹದಿನೈದು ದಿನದ ಕೆಳಗೆ ಅದನ್ನು ಕಟ್ಟಿಕೊಟ್ಟವನು ನಾನೇ. ಕಾಲೇಜಿನ ಹನ್ನೊಂದು ಮಂದಿ ಅಧ್ಯಾಪಕರು ಬರೆದ ಅರವತ್ತೆರಡು ಸಂಶೋಧನಾ ಪ್ರಬಂಧಗಳು ಅದರಲ್ಲಿದ್ದವು. ರಟ್ಟು ಎತ್ತಿ ಮೊದಲ ಹಾಳೆಯ ಮೇಲೆ ಬೆರಳಿಟ್ಟಳು. ಹಾಳೆಯ ಕೆಳಗೆ ಅವಳದೇ ಹೆಸರು, ಅವಳದೇ ಸಹಿ.

“ಇದಾ? ಎಲ್ಲಾಕ್ಕಿಂತ ಮುಂದ ಇದೇ ಇರಬೇಕು ಅಂತ ನೀನೇ ನಿಂತು ಹಚ್ಚಿಸ್ಕೊಂಡಿದ್ದಿ.”

“ಹೌದ್ರಿ. ಈಗ ಅದೇ ನನ್ನ ಕೊರಳಿಗಿ ಬಂದದ.”

ಉಜ್ವಲಾ ಭಾಲ್ಕಿ ತಾಲ್ಲೂಕಿನ ಸಾಯಗಾಂವದವಳು. ತಂದೆ ದತ್ತಾತ್ರಿ ಪ್ರಾಥಮಿಕ ಶಾಲೆಯ ಮಾಸ್ತರರಾಗಿ ನಿವೃತ್ತರಾದವರು; ತಾಯಿ ಜಿಜಾಬಾಯಿ ಹೊಲಮನೆ ನೋಡಿಕೊಂಡವರು. ಬೌದ್ಧ ಮನೆತನ. ಗೋಡೆಯ ಗೂಡಿನಲ್ಲಿ ಬುದ್ಧನ ಸಣ್ಣ ಮೂರ್ತಿ, ಅದರ ಎರಡೂ ಬದಿಗೆ ಪುಸ್ತಕ. ಎಂಟು ವರ್ಷದ ಹುಡುಗಿಯಾಗಿದ್ದಾಗಲೇ ಆ ಗೂಡಿನ ಪುಸ್ತಕಗಳಿಗೆ ಹೊದಿಕೆ ಹಾಕಿ, ಬೆನ್ನಿಗೆ ನಂಬರು ಬರೆದು ಜೋಡಿಸುತ್ತಿದ್ದಳಂತೆ. ಮುಂದೆ ಗ್ರಂಥಾಲಯ ವಿಜ್ಞಾನವನ್ನೇ ಓದಿದಳು. ಈ ಕಾಲೇಜಿಗೆ ಸಹಾಯಕಿಯಾಗಿ ಸೇರಿ ಆರು ವರ್ಷವಾಗಿತ್ತು. ಕೆಲಸ ಕಾಯಂ ಅಲ್ಲ, ಹನ್ನೊಂದು ತಿಂಗಳ ಆರ್ಡರು. ಪ್ರತಿ ಜೂನಿಗೆ ಹೊಸದು ಬರಬೇಕು. ಮೇ ತಿಂಗಳು ಬಂತೆಂದರೆ, ಬಿತ್ತಿಗೆಗೆ ಮುಂಚೆ ಮೋಡ ನೋಡುವ ಒಕ್ಕಲಿಗನ ಹಾಗೆ ಪ್ರಾಚಾರ್ಯರ ಕೋಣೆಯ ಬಾಗಿಲು ನೋಡುತ್ತಿದ್ದಳು.

ಅವಳ ಕೆಲಸದಲ್ಲಿ ಎಲ್ಲಕ್ಕಿಂತ ದೊಡ್ಡದು ಎಣಿಕೆ. ಪುಸ್ತಕದ ಎಣಿಕೆಯಲ್ಲ, ಪಾಂಡಿತ್ಯದ ಎಣಿಕೆ. ಒಬ್ಬ ಅಧ್ಯಾಪಕ ಒಂದು ಪ್ರಬಂಧ ಬರೆಯುತ್ತಾನೆ. ಜಗತ್ತಿನ ಇನ್ನೊಂದು ಮೂಲೆಯಲ್ಲಿ ಯಾರೋ ಅದನ್ನು ಓದಿ, ತನ್ನ ಪ್ರಬಂಧದ ಕೊನೆಯಲ್ಲಿ ‘ಈ ಮಾತನ್ನು ಇಂಥವರಿಂದ ಪಡೆದೆ’ ಎಂದು ಹೆಸರು ಹೇಳುತ್ತಾನೆ. ಅದಕ್ಕೆ ಉಲ್ಲೇಖ, ಇಂಗ್ಲಿಷಿನಲ್ಲಿ ಸೈಟೇಶನ್, ಎನ್ನುತ್ತಾರೆ. ಯಾರಿಗೆ ಎಷ್ಟು ಉಲ್ಲೇಖ ಬಂತು ಎಂಬುದನ್ನು ಕಂಪ್ಯೂಟರು ಕೂಡಿಸಿಡುತ್ತದೆ. ಕೆಲವು ವರ್ಷಗಳಿಗೊಮ್ಮೆ ಹೊರಗಿನ ತಜ್ಞರ ತಂಡ ಬಂದು ಆ ಅಂಕಿಗಳನ್ನೂ ನೋಡಿ ಕಾಲೇಜಿಗೆ ದರ್ಜೆ ಕೊಡುತ್ತದೆ.

ಅದರಲ್ಲೇ ‘ಎಚ್ ಇಂಡೆಕ್ಸ್’ ಎಂಬುದೊಂದಿದೆ. ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು. ಆದರೆ ಕಟ್ಟಲು ಬಂದ ಪುಸ್ತಕವನ್ನು ಓದದೆ ಕಟ್ಟಿದವನಲ್ಲ. ಅದು ಎಮ್ಮೆಯ ಲೆಕ್ಕ. ಕೊಟ್ಟಿಗೆಯಲ್ಲಿ ಎಮ್ಮೆ ಹತ್ತಿರಲಿ, ಹದಿನೈದಿರಲಿ. ಐದು ಎಮ್ಮೆ ತಲಾ ಐದು ಲೀಟರಿಗೆ ಕಡಿಮೆಯಿಲ್ಲದೆ ಕರೆದರೆ, ಆರು ಎಮ್ಮೆ ತಲಾ ಆರು ಕರೆಯದಿದ್ದರೆ, ಆ ಮನೆಯ ಅಂಕ ಐದು. ಒಂದೇ ಎಮ್ಮೆ ಇಪ್ಪತ್ತು ಲೀಟರು ಕೊಟ್ಟು ಉಳಿದವು ಬತ್ತಿದ್ದರೆ ಅಂಕ ಒಂದೇ. ಎಮ್ಮೆ ಎಂದರೆ ಪ್ರಬಂಧ, ಹಾಲು ಎಂದರೆ ಉಲ್ಲೇಖ. ಉಜ್ವಲಾ ಇದನ್ನು ಕೇಳಿ ನಕ್ಕು, ಹೊಸ ಅಧ್ಯಾಪಕರಿಗೆ ಹೀಗೆಯೇ ಹೇಳಿಕೊಡುತ್ತಿದ್ದಳು.

ಹಿಂದಿನ ಸಲ ತಂಡ ಬಂದಾಗ ಹನ್ನೊಂದು ಮಂದಿಯದೂ ಸೇರಿ ಮೂವತ್ತೆಂಟೇ ಉಲ್ಲೇಖ. ದರ್ಜೆ ಇಳಿಯಿತು. ಪ್ರಾಚಾರ್ಯ ಶಿವರಾಜಪ್ಪನವರು ವಾರಗಟ್ಟಲೆ ಯಾರ ಜೊತೆಗೂ ನೆಟ್ಟಗೆ ಮಾತಾಡಲಿಲ್ಲ. ಆಗ ಉಜ್ವಲಾಗೆ ಒಂದು ವಿಚಾರ ಹೊಳೆಯಿತು. ಒಂದೇ ಸೂರಿನ ಕೆಳಗೆ ಕೂತವರು ಒಬ್ಬರದನ್ನೊಬ್ಬರು ಓದೇ ಇಲ್ಲವಲ್ಲ! ಎಲ್ಲ ಪ್ರಬಂಧಗಳ ಪಟ್ಟಿ ಮಾಡಿ, ಒಂದೊಂದಕ್ಕೂ ಎರಡು ಸಾಲಿನ ಸಾರ ಬರೆದು ಎಲ್ಲರ ಮೊಬೈಲಿಗೆ ಕಳಿಸಿದಳು. ಅಲ್ಲಿಯವರೆಗೆ ಅದು ಒಳ್ಳೆಯ ಕೆಲಸವೇ.

ಕೆಟ್ಟದ್ದು ಅದರ ಮುಂದಿನ ವರ್ಷ. ನಮ್ಮ ಕಡೆ ಮದುವೆಗೆ ಹೋದರೆ ಬೀಗರು ನೆಂಟರು ಆಹೇರ ಕೊಡುತ್ತಾರೆ: ಸೀರೆ, ಕುಪ್ಪಸದ ಕಣ, ಧೋತರ. ಇಂಥವರ ಮನೆಯಿಂದ ಇಂಥದ್ದು ಬಂತು ಎಂದು ಹಂದರದಲ್ಲಿ ಕೂಗಿ ಹೇಳುತ್ತಾರೆ. ಅವರ ಮನೆಯಲ್ಲಿ ಮದುವೆಯಾದಾಗ ಅದಕ್ಕೆ ಸಮನಾದದ್ದು ಹೊಳ್ಳಿ ಹೋಗಬೇಕು, ಹೋಗದಿದ್ದರೆ ನಾಲ್ಕು ಜನರ ಬಾಯಿಗೆ ಬಿದ್ದಂತೆ. ಜಿಜಾಬಾಯಿಗೆ ನಲವತ್ತು ವರ್ಷದ ಆಹೇರ ಬಾಯಿಪಾಠ. ಆ ತಾಯಿಯ ಮಗಳು ತನ್ನ ಪಟ್ಟಿಯ ಬಲಗಡೆ ಎರಡು ಅಂಕಣ ಎಳೆದಳು. ಒಂದರ ಮೇಲೆ ‘ಬಂದದ್ದು’, ಇನ್ನೊಂದರ ಮೇಲೆ ‘ಹೋದದ್ದು’. ಯಾರು ಯಾರನ್ನು ಉಲ್ಲೇಖಿಸಿದರು, ಅವರು ಹೊಳ್ಳಿ ಉಲ್ಲೇಖಿಸಿದರೋ ಇಲ್ಲವೋ ಎಂಬುದು ಕಣ್ಣಿಗೆ ಹೊಡೆಯುವಂತೆ ಕಾಣತೊಡಗಿತು.

ಕಂಡ ಮೇಲೆ ಸುಮ್ಮನಿರುವ ಜನವೇ ನಾವು? ಔರಾದ ಕಡೆಯ ಅನೀಲಕುಮಾರ ವಾಣಿಜ್ಯ ವಿಭಾಗದ ಅಧ್ಯಾಪಕ, ತನ್ನೂರ ಮಹಿಳಾ ಸಂಘಗಳ ಮೇಲೆ ಬರೆದವನು, ಬಾಯಿ ತೆರೆದರೆ ಚೇಷ್ಟೆ. ಗ್ರಂಥಾಲಯದ ಬಾಗಿಲಲ್ಲೇ ನಿಂತು ಕೂಗುತ್ತಿದ್ದ:

“ಉಜ್ವಲಾಬಾಯಿ, ಅಶ್ವಜಿತ ಸರ್ ಮನಿಯಿಂದ ನಮ್ಮ ಆಹೇರ ಇನ್ನಾ ಬಂದಿಲ್ಲರಿ! ನಾ ಎರಡ ಸೀರಿ ಉಡಿಸೀನಿ, ಅವ್ರು ಒಂದ ಕುಪ್ಪಸದ ಕಣಾನೂ ಕೊಟ್ಟಿಲ್ಲ.”

“ಹೇಳ್ತೇನ್ರಿ ಸರ್, ಈ ಸಲ ಹಾಕ್ಲಿಕ್ಕ ಹೇಳ್ತೇನಿ,” ಎಂದು ಇವಳೂ ನಗುತ್ತಿದ್ದಳು. ಹೇಳುತ್ತಲೂ ಇದ್ದಳು.

ಅಶ್ವಜಿತ ಸಸ್ಯಶಾಸ್ತ್ರದವನು, ಚಿಂತಾಕಿಯವನು, ಮಾತು ಕಡಿಮೆ. ತೊಗರಿಗೆ ಬರುವ ನೆಟೆ ರೋಗದ ಬೆನ್ನು ಹತ್ತಿ ಆರು ವರ್ಷ ಚಿಂತಾಕಿಯ ಹೊಲಗಳಲ್ಲಿ ಬೇರು ಕಿತ್ತು ನೋಡಿದವನು. ಅವನ ಪ್ರಬಂಧಗಳನ್ನು ದೂರದವರು ತಾವಾಗಿಯೇ ಓದುತ್ತಿದ್ದರು. ಇವಳು ಮೂರು ಸಲ ಕೇಳಿದ ಮೇಲೆ, ಇಲ್ಲವೆನ್ನಲು ಸಂಕೋಚಪಟ್ಟು, ಹೊಸ ಪ್ರಬಂಧದ ಕೊನೆಗೆ ಕಾಲೇಜಿನವರ ಒಂಬತ್ತು ಹೆಸರು ಸೇರಿಸಿದ.

ಮೂರು ವರ್ಷದಲ್ಲಿ ಮೂವತ್ತೆಂಟು ಹೋಗಿ ನಾನೂರಾ ಹನ್ನೆರಡಾಯಿತು. ಶಿವರಾಜಪ್ಪನವರು ಎಲ್ಲರೆದುರು “ಭೇಷ್” ಎಂದರು. ಆ ಖುಷಿಯಲ್ಲಿ ಉಜ್ವಲಾ ತನ್ನ ಹಾಳೆಗೆ ಸಹಿ ಹಾಕಿ, ತಂಡಕ್ಕೆ ತೋರಿಸುವ ಕೆಂಪು ಪುಸ್ತಕದ ಮೊದಲಿಗೇ ಕಟ್ಟಿಸಿದಳು. ನಾನೂ ಓದಿ ಭೇಷ್ ಎಂದೇ ಕಟ್ಟಿದೆ. ಅದರಲ್ಲಿ ತಪ್ಪೇನೆಂದು ನನಗೂ ಆಗ ತಿಳಿಯಲಿಲ್ಲ.

ತಿಳಿದದ್ದು ಅಶ್ವಜಿತನಿಗೆ ಬಂದ ಒಂದು ಮಿಂಚಂಚೆಯಿಂದ. ಅವನ ಪ್ರಬಂಧ ಹೋಗಿದ್ದ ಪತ್ರಿಕೆಯವರು ಕೇಳಿದ್ದರು: ತೊಗರಿಯ ಬೇರಿನ ರೋಗಕ್ಕೂ ಔರಾದದ ಮಹಿಳಾ ಸ್ವಸಹಾಯ ಸಂಘಗಳಿಗೂ ಏನು ಸಂಬಂಧ? ಈ ಒಂಬತ್ತು ಉಲ್ಲೇಖ ಏಕೆ? ನಮ್ಮ ಲೆಕ್ಕದಲ್ಲಿ ನಿಮ್ಮ ಕಾಲೇಜಿನ ಹನ್ನೊಂದು ಮಂದಿ ಒಬ್ಬರನ್ನೊಬ್ಬರು ಸುತ್ತುಗಟ್ಟಿ ಉಲ್ಲೇಖಿಸುತ್ತಿರುವುದು ಕಾಣುತ್ತಿದೆ. ಹತ್ತು ದಿನದಲ್ಲಿ ವಿವರಣೆ ಕೊಡಿ. ಇಲ್ಲವಾದರೆ ಸಂಸ್ಥೆಗೆ ಬರೆಯಬೇಕಾಗುತ್ತದೆ.

ಅಶ್ವಜಿತ ಅದನ್ನು ಅವಳಿಗೆ ತೋರಿಸಿ ಹೋದ. ಉಜ್ವಲಾಗೆ ಕಾಲ ಕೆಳಗಿನ ಫರಸಿಗಲ್ಲು ಸರಿದ ಹಾಗಾಯಿತಂತೆ. ಅಂದೇ ಬಾಗಿಲು ಮುಂದೆ ಮಾಡಿ ಎಣಿಸಲು ಕೂತಳು. ಬಿಳಿ ಹಾಳೆಯ ಮೇಲೆ ಹನ್ನೊಂದು ಚುಕ್ಕೆ ಇಟ್ಟು, ಯಾರಿಂದ ಯಾರಿಗೆ ಉಲ್ಲೇಖ ಹೋಯಿತೋ ಅಲ್ಲಿಗೊಂದು ಗೆರೆ ಎಳೆದಳು. ಅರ್ಧ ತಾಸಿನಲ್ಲಿ ಹಾಳೆಯ ನಡುವೆ ಜೇಡನ ಗೂಡು ಎದ್ದಿತ್ತು; ಹೊರಗಿನಿಂದ ಬಂದ ಗೆರೆ ಅಲ್ಲೊಂದು ಇಲ್ಲೊಂದು. ನಾನೂರಾ ಹನ್ನೆರಡರಲ್ಲಿ ಇನ್ನೂರಾ ತೊಂಬತ್ತೇಳು ಮನೆಯೊಳಗಿನವೇ. ಅನೀಲಕುಮಾರನಿಗೆ ಬಂದ ಎಪ್ಪತ್ತೊಂದರಲ್ಲಿ ಹೊರಗಿನವು ಎರಡು. ಅವನ ಎಮ್ಮೆ ಅಂಕ ಆರರಿಂದ ಒಂದಕ್ಕೆ ಬಿತ್ತು. ಅಶ್ವಜಿತನದು ಐದಿದ್ದದ್ದು ನಾಲ್ಕು, ಅಷ್ಟೇ. ನಿಜವಾಗಿ ಕರೆಯುವ ಕೊಟ್ಟಿಗೆ ಅವನೊಬ್ಬನದೇ, ಸಿಕ್ಕಿಬಿದ್ದವನೂ ಅವನೊಬ್ಬನೇ.

ಅವತ್ತಿನಿಂದ ಅವಳಿಗೆ ಅನ್ನ ಸೇರಲಿಲ್ಲ. ಮೊಬೈಲು ಗುಂಯ್ ಅಂದರೆ ಬೋರಲು ಹಾಕಿಬಿಡುತ್ತಿದ್ದಳು. ಪ್ಯೂನ್ ಗೌಸೋದ್ದೀನ “ಸಾಹೇಬ್ರು ಕರಿಲಕತ್ತಾರ” ಎಂದು ಚಹಾಕ್ಕೆ ಕರೆದರೂ ಆ ಮಿಂಚಂಚೆಯ ಮಾತೇ ಎಂದುಕೊಳ್ಳುತ್ತಿದ್ದಳು. ಹೋಗುವುದು ಕೆಲಸವೊಂದೇ ಆಗಿದ್ದರೆ ಇಷ್ಟು ಅಂಜುತ್ತಿರಲಿಲ್ಲವೇನೋ. “ಇವ್ರನ್ನ ಕುರ್ಚಿ ಮ್ಯಾಲ ಕೂಡ್ಸಿದ್ರ ಹಿಂಗೇ” ಎಂದು ಬೆನ್ನ ಹಿಂದೆ ಜಾತಿ ಎತ್ತಿ ಅನ್ನುವ ಬಾಯಿಗಳು ಯಾವುವೆಂದು ಅವಳಿಗೆ ಗೊತ್ತಿತ್ತು. ಒಬ್ಬರ ತಪ್ಪು ಒಬ್ಬರದಾಗಿಯೇ ಉಳಿಯುವ ಊರಲ್ಲ ನಮ್ಮದು. ಅದು ಅಪ್ಪನ ಮೂವತ್ತು ವರ್ಷದ ಮಾಸ್ತರಿಕೆಯನ್ನೂ ಎಳೆದುಕೊಂಡು ಹೋಗುತ್ತದೆ.

ಮಿಂಚಂಚೆಯ ಸುದ್ದಿ ಅನೀಲಕುಮಾರನಿಗೂ ಮುಟ್ಟಿತು. ಶನಿವಾರ ಬಂದ. ಈ ಸಲ ಬಾಗಿಲಲ್ಲಿ ನಿಂತು ಕೂಗಲಿಲ್ಲ. ಹತ್ತಿರ ಬಂದು, ಪುಸ್ತಕ ಹುಡುಕುವವನ ಹಾಗೆ ಕಪಾಟಿನ ಕಡೆ ಮುಖ ಮಾಡಿ ಮಾತಾಡಿದ.

“ಬಾಯಿ, ಗುರುವಾರ ತಂಡ ಬರ್ತದ. ಆ ಹಾಳಿ ಪುಸ್ತಕದಾಗ ಇರಬಾರ್ದು.”

“ಸರ್, ನೀವೇ ಕೇಳಿ ಕೇಳಿ ಉಲ್ಲೇಖ ಹಾಕಿಸ್ಕೊಂಡದ್ದಲ್ರಿ…”

“ನಾ ಕೇಳಿದ್ದಕ್ಕ ಕಾಗದ ಅದ ಏನು? ನಗಿಚಾಟಿಗಿ ಅಂದಿರಬೇಕು. ಹಾಳಿ ಕೆಳಗ ಸಹಿ ಯಾರದದ? ನಿಮ್ದೇ. ಜೂನ್ ಹತ್ರ ಬಂದದ, ಸ್ವಲ್ಪ ವಿಚಾರ ಮಾಡ್ರಿ.”

ಹೋಗುವಾಗ ಹೊಳ್ಳಿ ನೋಡಿ, “ಅಂಜಬ್ಯಾಡ್ರಿ, ನಾವೆಲ್ಲಾ ನಿಮ್ಮ ಹಿಂದದೀವಿ,” ಎಂದ. ಆ ಮಾತಿಗೇ ಅವಳು ಹೆಚ್ಚು ಅಂಜಿದ್ದು.

ಹೀಗೆ ಸೋಮವಾರ ಮಧ್ಯಾಹ್ನ ನನ್ನ ಮುಂದೆ ಆ ಕೆಂಪು ಪುಸ್ತಕ ಬಂತು. ಅವಳ ಮುಖ ನೋಡಿ ನನಗೂ ಮತ್ತೇನೂ ಹೊಳೆಯಲಿಲ್ಲ. ಚೀಲದಿಂದ ಚಾಕು ತೆಗೆದೆ. ಹಾಳೆಯ ಬುಡಕ್ಕೆ ಒದ್ದೆ ದಾರ ಇಟ್ಟು, ಕಾಗದ ಮೆತ್ತಗಾಗುವ ತನಕ ಕಾದು, ಚಾಕುವಿನ ತುದಿಯಿಂದ ಒಂದೇ ಎಳೆತಕ್ಕೆ ಬಿಡಿಸಿದೆ. ಸದ್ದೂ ಆಗಲಿಲ್ಲ. ಪುಸ್ತಕ ಮುಚ್ಚಿದರೆ ಏನೂ ಆಗಿಲ್ಲದ ಹಾಗೆ ಕೂತಿತು. ಉಜ್ವಲಾ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಮುಷ್ಟಿಯಲ್ಲಿ ಹಿಡಿದಳು.

ಆಗಲೇ ಬಾಗಿಲಲ್ಲಿ ಅಶ್ವಜಿತ ಕಾಣಿಸಿಕೊಂಡ. ಅವಳ ಮುಷ್ಟಿ ಸೆರಗಿನೊಳಗೆ ಹೋಯಿತು.

“ಪುಸ್ತಕ ಹೊಳ್ಳಿ ಕೊಡ್ಲಿಕ್ಕ ಬಂದೆ,” ಎಂದು ಅವನು ಒಂದು ಪುಸ್ತಕ ಮೇಜಿನ ಮೇಲಿಟ್ಟ. ನಿಂತೇ ಇದ್ದ. “ಪತ್ರಿಕೆಯವ್ರಿಗಿ ಉತ್ತರ ಬರ್ದಿಟ್ಟೀನಿ. ಸಂಜಿಗಿ ಕಳಸ್ತೀನಿ.”

“ಏನ್ ಬರ್ದೀರಿ, ಸರ್?”

“ನಂದೇ ತಪ್ಪು ಅಂತ. ಓದಲಾರದ್ದು ಓದೀನಿ ಅಂತ ಹಾಕೀನಿ ಅಂತ. ಖರೇನೇ ಅದ, ಅಲ್ಲ?”

“ಹಾಳಿ ಸುದ್ದಿ?”

“ಬರ್ದಿಲ್ಲ. ನಿಮ್ಮ ಆರ್ಡರ್ ಬರೋ ದಿನ ಹತ್ರ ಬಂದಾವಲ್ಲ.”

ಅವನು ಹೋದ ಮೇಲೆ ಉಜ್ವಲಾ ಅವನಿಟ್ಟ ಪುಸ್ತಕದ ನಂಬರು ನೋಡಿ ಕಪಾಟಿಗೆ ಸೇರಿಸಿ ಬಂದಳು. ನಾನು ಚಾಕು ಒರೆಸುತ್ತ ಇದ್ದೆ.

“ಕಾಕಾ, ನಿನ್ನಿ ಊರಿಗಿ ಹೋಗಿದ್ದೆ. ಅವ್ವಗ ಎಲ್ಲಾ ಹೇಳ್ದೆ. ಆಕಿಗಿ ಸೈಟೇಶನ್ ಎಲ್ಲಿ ತಿಳಿತದ, ಆಹೇರ ತಿಳಿತದ. ಏನಂದ್ಲು ಗೊತ್ತದೇನ್ರಿ? ‘ಏ ಹುಡುಗಿ, ಆಹೇರ ಅಂದ್ರ ಹಂದರದಾಗ ಕೂಗಿ ಕೊಡೋದು. ಕೂಗಲಾರ್ದೆ ಕೈಯಾಗ ತುರುಕಿದ್ರ ಅದಕ್ಕ ಆಹೇರ ಅನ್ನಲ್ಲ’ ಅಂದ್ಲು.”

“ಖರೇನೇ ಅಂದಾಳ.”

“ನಾ ಕೂಗೇ ಇಲ್ಲರಿ. ನಾನೂರಾ ಹನ್ನೆರಡ ಅಂತ ಕೂಗ್ದೆ, ಅದ್ರಾಗ ಮನಿಯೊಳಗಿಂದು ಎಷ್ಟು, ಹೊರಗಿಂದು ಎಷ್ಟು ಅಂತ ಕೂಗಲಿಲ್ಲ.” ಮುಷ್ಟಿ ಬಿಚ್ಚಿ ಹಾಳೆಯನ್ನು ನನ್ನ ಮುಂದಿಟ್ಟಳು. “ಹೊಳ್ಳಿ ಹಚ್ರಿ.”

“ವಿಚಾರ ಮಾಡವ್ವಾ. ಮಡಚಿದ ಗೆರಿ ಹೋಗಂಗಿಲ್ಲ. ಹಚ್ಚಿದ ಹಾಳಿ ಬಿರುಸಾಗ್ತದ, ಯಾರ್ ಎತ್ತಿದ್ರೂ ಪುಸ್ತಕ ಅಲ್ಲೇ ತೆರಕೊಳ್ತದ.”

“ತೆರಕೊಳ್ಳಿ,” ಎಂದಳು.

ಆ ಹಾಳೆಯ ಜೊತೆಗೆ ಇನ್ನೊಂದು ಹಾಳೆ ಟೈಪು ಮಾಡಿ ತಂದಳು. ಅದರಲ್ಲಿ ಹೀಗಿತ್ತು: ಒಟ್ಟು ಉಲ್ಲೇಖ ನಾನೂರಾ ಹನ್ನೆರಡು. ಕಾಲೇಜಿನೊಳಗಿಂದ ಬಂದವು ಇನ್ನೂರಾ ತೊಂಬತ್ತೇಳು. ಹೊರಗಿನಿಂದ ಬಂದವು ನೂರಾ ಹದಿನೈದು. ಹಿಂದಿನ ಪುಟದ ಎರಡು ಅಂಕಣಗಳನ್ನು ಎಳೆದವಳು ನಾನು, ಹೊಳ್ಳಿ ಉಲ್ಲೇಖಿಸಿರೆಂದು ಕೇಳಿದವಳೂ ನಾನು. ಕೆಳಗೆ ಮತ್ತೆ ಸಹಿ. ಬೇರೆ ಯಾರ ಹೆಸರೂ ಇಲ್ಲ. ಅದರ ಒಂದು ಪ್ರತಿಯನ್ನು ಅಶ್ವಜಿತನ ಮೇಜಿನ ಮೇಲಿಟ್ಟು ಬಂದಳು. ಉತ್ತರದ ಜೊತೆ ಇದನ್ನೂ ಕಳಿಸಿರೆಂದು ಚೀಟಿ ಬರೆದಿಟ್ಟಳು. ನಾನು ಅಂಟು ಸವರಿ ಎರಡೂ ಹಾಳೆ ಹಚ್ಚಿದೆ. ಅಂದಿನಷ್ಟು ಎಚ್ಚರದಿಂದ ಕೆಲಸ ಮಾಡಿದ್ದು ನೆನಪಿಲ್ಲ.

ಗುರುವಾರ ತಂಡ ಬಂತು. ಹಳೆಯ ಪುಸ್ತಕಗಳ ದುರಸ್ತಿ ತೋರಿಸಲು ನನ್ನನ್ನೂ ಕರೆದಿದ್ದರು. ಮೂಲೆಯಲ್ಲಿ ದಬ್ಬಣ, ದಾರ ಹರವಿಕೊಂಡು ಕೂತಿದ್ದೆ. ಶಿವರಾಜಪ್ಪನವರು ಕೋಟು ಹಾಕಿದ್ದರು. ಹನ್ನೊಂದು ಅಧ್ಯಾಪಕರೂ ಗೋಡೆಗುಂಟ ನಿಂತಿದ್ದರು. ಉಜ್ವಲಾ ಕಪಾಟಿಗೆ ಬೆನ್ನು ಹಚ್ಚಿ ನಿಂತಿದ್ದಳು.

ತಂಡದ ಹಿರಿಯರು ದಕ್ಷಿಣದ ಕಡೆಯ ಒಬ್ಬ ಪ್ರಾಧ್ಯಾಪಕಿ. ಕನ್ನಡಕ ಸರಿಪಡಿಸಿಕೊಂಡು ಕೆಂಪು ಪುಸ್ತಕ ಎತ್ತಿದರು. ನಾನು ಹೇಳಿದ್ದೇ ಆಯಿತು. ಪುಸ್ತಕ ತಾನಾಗಿ ಅಲ್ಲಿಯೇ ತೆರೆದುಕೊಂಡಿತು. ಅವರು ಓದಿದರು. ಹಾಳೆ ತಿರುವಿದರು. ಮತ್ತೆ ಹಿಂದಿನ ಹಾಳೆಗೆ ಬಂದರು. ಮಡಿಕೆಯ ಗೆರೆಯ ಮೇಲೆ ಬೆರಳಾಡಿಸಿದರು. ಅನೀಲಕುಮಾರನ ಕುತ್ತಿಗೆಯ ನರ ಎದ್ದು ಕಾಣುತ್ತಿತ್ತು.

“ಇದನ್ನ ಮಾಡಿದವರು ಯಾರು?”

ಶಿವರಾಜಪ್ಪನವರು ಉಜ್ವಲಾಳ ಕಡೆ ನೋಡಿದರು.

“ನಾನ್ರಿ, ಮೇಡಂ.” ಅವಳು ಕಪಾಟು ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು.

“ಯಾವುದು? ಮೊದಲನೇದಾ, ಎರಡನೇದಾ?”

“ಎರಡೂ ನಾನೇರಿ.”

ಆ ಹೆಂಗಸು ಅವಳನ್ನು ದಿಟ್ಟಿಸಿ ನೋಡಿದರು. “ಮೊದಲನೇ ಥರದ ಹಾಳೆ ನಾನು ಹೋದ ಕಡೆಯೆಲ್ಲ ಇರುತ್ತಮ್ಮ. ಯಾರೂ ತೋರಿಸಲ್ಲ. ಎರಡನೇದನ್ನ ಇದೇ ಮೊದಲು ನೋಡ್ತಿರೋದು,” ಎಂದು ತಮ್ಮ ಟಿಪ್ಪಣಿ ಪುಸ್ತಕದಲ್ಲಿ ಏನೋ ಬರೆದುಕೊಂಡರು. ಹೊಗಳಿದರೋ ತೆಗಳಿದರೋ ಒಬ್ಬರಿಗೂ ತಿಳಿಯಲಿಲ್ಲ. ಮುಂದಿನ ಕೋಣೆಗೆ ನಡೆದರು. ಅಧ್ಯಾಪಕರು ಒಬ್ಬೊಬ್ಬರಾಗಿ ಹಿಂದೆ ಹೋದರು, ಉಜ್ವಲಾಳ ಕಡೆ ನೋಡದೆ. ಅಶ್ವಜಿತನೊಬ್ಬ ನೋಡಿದ.

ದರ್ಜೆ ಏರಲಿಲ್ಲ, ಇದ್ದಲ್ಲೇ ಉಳಿಯಿತು. ಪತ್ರಿಕೆಯವರು ಒಂಬತ್ತು ಉಲ್ಲೇಖ ತೆಗೆಸಿ ಅಶ್ವಜಿತನ ಪ್ರಬಂಧವನ್ನು ಮತ್ತೆ ಪರಿಶೀಲನೆಗೆ ಹಾಕಿದ್ದಾರೆ, ಇನ್ನೂ ಅಚ್ಚಾಗಿಲ್ಲ. ಜೂನ್ ಬಂತು, ಉಜ್ವಲಾಳ ಆರ್ಡರು ಬರಲಿಲ್ಲ. ದಿನಾ ಹೋಗಿ ಕೂತು ಬರುತ್ತಿದ್ದಳು. ಜುಲೈ ಎರಡನೇ ವಾರ ಶಿವರಾಜಪ್ಪನವರು ಕರೆದು ಒಂದು ಲಕೋಟೆ ಕೊಟ್ಟರಂತೆ, ಮುಖ ಎತ್ತದೆ. ಕೆಲಸ ಹೋಗಿರಲಿಲ್ಲ. ಅದೇ ಸಂಸ್ಥೆಯವರು ಔರಾದದಲ್ಲಿ ನಡೆಸುವ ಸಣ್ಣ ಕಾಲೇಜಿಗೆ ಹಾಕಿದ್ದರು. ಬೀದರಿನ ಎಣಿಕೆಯ ಕೆಲಸವನ್ನು ಒಂದು ಸಮಿತಿಗೆ ವಹಿಸಿದ್ದರು. ಸಮಿತಿಯ ಅಧ್ಯಕ್ಷ ಅನೀಲಕುಮಾರ.

ಔರಾದದ ಗ್ರಂಥಾಲಯವೆಂದರೆ ಒಂದೇ ಕೋಣೆ, ನಾಲ್ಕು ಕಪಾಟು. ಹೋದ ತಿಂಗಳು ಅಲ್ಲಿಯ ಹರಿದ ಪುಸ್ತಕಗಳನ್ನು ತರಲು ಹೋಗಿದ್ದೆ. ಅವಳು ಸ್ವಲ್ಪ ಮೈ ಇಳಿದಿದ್ದಳು. ಚಹಾ ತರಿಸಿದಳು. ಕುಡಿಯುವಷ್ಟರಲ್ಲಿ ಅಲ್ಲಿಯ ಅಧ್ಯಾಪಕ ಅಮಿತಕುಮಾರ ಒಳಗೆ ಬಂದ, ಎಳೆಯ ವಯಸ್ಸಿನವನು, ಉತ್ಸಾಹಿ.

“ಮೇಡಂ, ನೀವು ಬೀದರನಾಗ ಮೂವತ್ತೆಂಟಿದ್ದ ಸೈಟೇಶನ್ ನಾಕ್ನೂರ ಮಾಡ್ಸಿದ್ರಂತಲ್ರಿ? ನಮಗೂ ಒಂದ ಅಂಥಾದ್ದೇ ಹಾಳಿ ಮಾಡಿ ಕೊಡ್ರಿ. ನಾವ್ ಆರ್ ಮಂದಿ ಅದೀವಿ, ಒಗ್ಗಟ್ಟಿಲಿಂದ ಅದೀವಿ.”

ಅವಳ ಕೈಯಲ್ಲಿದ್ದ ಕಪ್ಪು-ಬಸಿ ಟಣಟಣ ಅಂದಿತು. ಚಹಾ ಮೇಜಿನ ಮೇಲೆ ಚೆಲ್ಲಿತು. ಜೂನ್ ಇಲ್ಲಿಗೂ ಬರುತ್ತದೆ.

ಅವಳು ಬಸಿಯನ್ನು ಕೆಳಗಿಟ್ಟು, ಚೆಲ್ಲಿದ್ದನ್ನು ಹಳೆಯ ಪತ್ರಿಕೆಯಿಂದ ಒರೆಸಿದಳು.

“ಮಾಡ್ತೇನ್ರಿ, ಸರ್. ಖರೆ ಒಂದೇ ಅಂಕಣ ಎಳಿತೇನಿ.”

“ಯಾವುದ್ರಿ?”

“ಹೊರಗಿಂದ ಬಂದದ್ದು.”

“ಹಂಗಾದ್ರ ನಮ್ದು ಖಾಲಿ ಉಳಿತದಲ್ರಿ!”

“ಈ ವರ್ಷ ಖಾಲಿ ಉಳಿತದ್ರಿ,” ಎಂದು ಅವಳು ಸ್ಕೇಲು ಹುಡುಕಿ ತೆಗೆದಳು. ಗೆರೆ ಎಳೆಯುವಾಗ ಸ್ಕೇಲು ಒಂದು ಕಡೆ ಜಾರಿತು. ನಾನು ಎದ್ದು ಸ್ಕೇಲಿನ ಇನ್ನೊಂದು ತುದಿ ಒತ್ತಿ ಹಿಡಿದೆ.